ವಾಟಿ ಪರ್ಡಿ ಹಗಲಲ್ಲಿ ರಾತ್ರಿ ಮಾಡಿದ್ದು

ಮುಂದಿನ ಕೋಣೆಯ ಕಿಟಕಿಗೆ ವಿನೆಗರ್ ನೀರು ಬಳಿದು, ಹಳೆಯ ಪತ್ರಿಕೆಯ ಉಂಡೆಯಿಂದ ಗಾಜು ತಿಕ್ಕುತ್ತಿದ್ದ ವಾಟಿ ಪರ್ಡಿಗೆ ಆ ಯೋಚನೆ ಹೊಳೆದಾಗ ಅವನ ಒಂದು ಕಾಲು ಸ್ಟೂಲಿನ ಮೇಲಿತ್ತು, ಇನ್ನೊಂದು ಗಾಳಿಯಲ್ಲಿತ್ತು. ಅವನಿಗೆ ದೊಡ್ಡ ಯೋಚನೆಗಳು ಬರುತ್ತಿದ್ದುದೇ ಹೀಗೆ, ಅರ್ಧ ಆಧಾರದಲ್ಲಿ. ಎದೆಯ ಮೇಲೆ ಕೈಯಿಟ್ಟುಕೊಂಡು "ಅಯ್ಯೋ ದೇವರೇ!" ಎಂದ. ಸ್ಟೂಲಿನಿಂದ ಜಾರಿದಂತೆಯೇ ಇಳಿದ. ಎಡಗಡೆಯ ಗಾಜು ಫಳಫಳ ಹೊಳೆಯುತ್ತಿತ್ತು, ಬಲಗಡೆಯದರ ಮೇಲೆ ಇಡೀ ಚಳಿಗಾಲದ ಕಲ್ಲಿದ್ದಲ ಮಸಿ ಹಾಗೇ ಕೂತಿತ್ತು. ಬಕೆಟ್ಟನ್ನು ಅಲ್ಲೇ ಬಿಟ್ಟು, ಮರುಕ್ಷಣ ಕಿಟಕಿಯ ಪರದೆಯನ್ನು ಮೇಲಿನಿಂದ ಕೆಳಗಿನವರೆಗೆ ಸರ್ರನೆ ಎಳೆದುಬಿಟ್ಟ.

ಬೀದಿಯ ಆಚೆ ಬದಿಯಲ್ಲಿ ಮಂಡಿಯೂರಿ ಹೊಸ್ತಿಲು ಉಜ್ಜುತ್ತಿದ್ದ ಬೆಥಿಯಾ ಟ್ವೀಡಿ ಇದಿಷ್ಟನ್ನೂ ನೋಡಿದಳು. ಎದೆಯ ಮೇಲಿನ ಕೈ, ಜಾರಿದ ಕಾಲು, ಇಳಿದ ಪರದೆ. ಅವಳ ಕೈಯಲ್ಲಿದ್ದ ಬ್ರಷ್ಷು ನಿಂತುಹೋಯಿತು.

ಕಿಲ್‌ಡ್ರೆನ್ನಿಯ ಲೂಮ್ ಬೀದಿಯಲ್ಲಿ ಹಗಲು ಹೊತ್ತು ಪರದೆ ಇಳಿಯುವುದಕ್ಕೆ ಇರುವುದು ಒಂದೇ ಕಾರಣ. ಒಳಗೆ ಹೆಣ ಇದೆ. ಬಿಸಿಲಿಗೆ ಕುರ್ಚಿಯ ಬಟ್ಟೆ ಬಣ್ಣಗೆಡುತ್ತದೆಂದು ಪರದೆ ಇಳಿಸುವಂಥ ಬಿಸಿಲು ಆ ಊರಿನಲ್ಲಿ ಬೀಳುವುದೇ ಇಲ್ಲ. ಬಟ್ಟೆ ಬದಲಿಸಲು ಹಿಂದಿನ ಕೋಣೆ ಇದೆ. ಜಗಳವಾಡಲು ಅಡುಗೆಮನೆ ಇದೆ. ಬೀದಿಗೆ ಮುಖಮಾಡಿದ ಪರದೆಯನ್ನು ಮನೆಯವರು ಜೀವಮಾನದಲ್ಲಿ ಎರಡೋ ಮೂರೋ ಸಲ ಇಳಿಸಿದರೆ ಹೆಚ್ಚು. ಇದು ವಾಟಿಗೂ ಗೊತ್ತಿತ್ತು. ಆದರೆ ಆ ಗಳಿಗೆಯಲ್ಲಿ ಅವನು ಲೂಮ್ ಬೀದಿಯಲ್ಲಿ ಇರಲಿಲ್ಲ. ಆರು ನೂರು ವರ್ಷ ಹಿಂದಿನ ಒಂದು ಕೋಟೆಯಲ್ಲಿದ್ದ.

ವಾಟಿ ಬಸ್ಸು ಓಡಿಸಿ ನಿವೃತ್ತನಾದವನು. ಅವನೂ ಮೀನಂಗಡಿಯ ಹೆಕ್ಟರ್ ಲೆನಾಕ್ಸನೂ ಸೇರಿ ಭಾನುವಾರಗಳಲ್ಲಿ ಸ್ಕಾಟ್ಲೆಂಡಿನ ಚರಿತ್ರೆಯನ್ನು ಸಿನಿಮಾ ಮಾಡುತ್ತಿದ್ದರು. ಚರ್ಚಿನ ಸಭಾಂಗಣದಲ್ಲಿ ಕೇಕ್ ಮಾರಿ ಬಂದ ಹಣದಲ್ಲಿ ಫಿಲ್ಮು ಕೊಳ್ಳುವುದು. ವಾಟಿಯ ಅಕ್ಕ ಗ್ರಿಜೆಲ್ ಹುರಿಹಗ್ಗದಲ್ಲಿ ಹೆಣೆದು ಬೆಳ್ಳಿಬಣ್ಣ ಬಳಿದದ್ದೇ ಯೋಧರ ಉಕ್ಕಿನ ಕವಚ. ಗ್ಯಾಸ್ ಕಾರ್ಖಾನೆಯ ಹಿಂಗೋಡೆ ಎಡಗಡೆಯಿಂದ ನೋಡಿದರೆ ಕೋಟೆ, ಬಲಗಡೆಯಿಂದ ನೋಡಿದರೆ ಚಿಮಣಿ; ಆದ್ದರಿಂದ ಅವರ ಚರಿತ್ರೆಯೆಲ್ಲ ಎಡಗಡೆಯಿಂದಲೇ ನಡೆಯುತ್ತಿತ್ತು. ಸೈನ್ಯ ಅಂದರೆ ಬೀದಿಯ ಜನ. ಅವರೇ ಮಂಡಿಯುದ್ದದ ಕಿಲ್ಟ್ ಲಂಗ ಉಟ್ಟು ಎಡದಿಂದ ಬಲಕ್ಕೆ ಓಡಿದರೆ ಸ್ಕಾಟರು. ಕಲ್ಲುಗೋಡೆಯ ಹಿಂದೆ ಅವಸರದಲ್ಲಿ ಚಲ್ಲಣ ಹಾಕಿಕೊಂಡು ಬಲದಿಂದ ಎಡಕ್ಕೆ ಓಡಿದರೆ ಇಂಗ್ಲಿಷರು. ಎಷ್ಟೋ ಮಹಾಯುದ್ಧಗಳಲ್ಲಿ ಸ್ಕಾಟರು ಸೋತದ್ದು ಎರಡನೆಯ ಓಟಕ್ಕೆ ಯಾರಲ್ಲೂ ಉಸಿರು ಉಳಿಯದೆ.

ಹೆಕ್ಟರನೇ ನಾಯಕ. ಆನೆಯಂಥ ಆಳು, ಕೆಂಪು ಗಡ್ಡ, ಬಂದರಿನ ಆಚೆಯ ದೋಣಿಗಳಿಗೂ ಕೇಳುವ ಗಂಟಲು. ಪ್ರತಿ ಚಿತ್ರದಲ್ಲೂ ಅವನು ಸಾಯುತ್ತಿದ್ದ. ತೊಂದರೆ ಇದ್ದದ್ದು ಸಾಯುವುದರಲ್ಲಲ್ಲ, ಸತ್ತ ಮೇಲೆ. ಹೆಣವಾಗಿ ಬಿದ್ದ ಹೆಕ್ಟರ್ ಒಂದು ನಿಮಿಷವೂ ಸುಮ್ಮನೆ ಬಿದ್ದಿರುತ್ತಿರಲಿಲ್ಲ. ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟು ನಿಂತ ವಾಟಿಗೆ, ರಾಷ್ಟ್ರವೀರನ ಶವದ ಪಾದ ಮೆಲ್ಲನೆ ಚೌಕಟ್ಟಿನಿಂದಾಚೆ ಹೋಗುವುದು ಕಾಣುತ್ತಿತ್ತು. "ಬಿದ್ದಿರೋ, ಪ್ರಾಣಿ!" ಎಂದು ವಾಟಿ ಕೂಗುವುದು, "ಬಿದ್ದಿದೀನಲ್ಲಪ್ಪಾ!" ಎಂದು ಹೆಣ ಕೂಗುವುದು. ಎಷ್ಟು ಅಡಿ ಫಿಲ್ಮು ಹಾಳಾಯಿತೋ!

ಕಳೆದ ಫೆಬ್ರವರಿಯಲ್ಲಿ ಹೆಕ್ಟರ್ ನಿಜವಾಗಿಯೇ ಸತ್ತು ಮಲಗಿಬಿಟ್ಟ. ಆಗ ಅವರ ಹೊಸ ಚಿತ್ರದಲ್ಲಿ ಕೊನೆಯ ದೃಶ್ಯವೊಂದೇ ಬಾಕಿ ಇತ್ತು. ಮುದಿ ದೊರೆ ರಾತ್ರಿಯಲ್ಲಿ, ಮೇಣದಬತ್ತಿಯ ಬೆಳಕಿನಲ್ಲಿ, ಹಾಸಿಗೆಯ ಮೇಲೆ ಪ್ರಾಣ ಬಿಡುವ ದೃಶ್ಯ. ಬರುವ ಶನಿವಾರ ಹೆಕ್ಟರನ ನೆನಪಿಗೆಂದು ಆ ಚಿತ್ರ ತೋರಿಸುವುದಾಗಿ ಚರ್ಚಿನ ಬಾಗಿಲಿಗೆ ಚೀಟಿ ಅಂಟಿಸಿಯಾಗಿತ್ತು. ದೃಶ್ಯ ಮಾತ್ರ ಇರಲಿಲ್ಲ.

ಅದಕ್ಕಿಂತ ದೊಡ್ಡದೊಂದು ಮುಳ್ಳು ವಾಟಿಯ ಗಂಟಲಲ್ಲಿತ್ತು. ಹೆಕ್ಟರನ ತಂಗಿ ಜೆಸ್ಸಿ ಇದ್ದದ್ದು ದೂರದ ಶೆಟ್ಲೆಂಡ್ ದ್ವೀಪದಲ್ಲಿ, ನಡೆಯಲಾಗದೆ ಕುರ್ಚಿ ಹಿಡಿದು. ಅಣ್ಣನ ಒಂದು ಚಿತ್ರವನ್ನೂ ನೋಡಿದವಳಲ್ಲ. ಮಾರ್ಚಿನಲ್ಲಿ ಬರೆದಿದ್ದಳು: "ತಾನು ದೊಡ್ಡ ನಟ ಅಂತ ಅಣ್ಣ ಹೇಳಿಕೊಳ್ಳುತ್ತಿದ್ದ. ಅದು ನಿಜವೇ? ನಿಮಗೆ ಸುಳ್ಳು ಹೇಳಲು ಬಾರದು ಎಂದೂ ಅವನೇ ಹೇಳುತ್ತಿದ್ದ. ನೀವು ಏನು ಬರೆಯುತ್ತೀರೋ ಅದನ್ನೇ ಅವನ ಸಮಾಧಿಯ ಕಲ್ಲಿನ ಮೇಲೆ ಕೆತ್ತಿಸುತ್ತೇನೆ." ಕಲ್ಲು ಬಂದು ಪಕ್ಕದ ಮನೆಯ ಡಾಡ್ ರಾಂಕಿನ್‌ನ ಅಂಗಳದಲ್ಲಿ ಬರಿದಾಗಿ ಮಲಗಿತ್ತು. ಡಾಡ್ ಬಡಗಿ, ಶವಪೆಟ್ಟಿಗೆಯವನು, ಕಲ್ಲು ಕೆತ್ತುವವನು, ಜೊತೆಗೆ ಇಡೀ ಇಂಗ್ಲಿಷ್ ಸೈನ್ಯದ ದಂಡನಾಯಕ. ದಿನಾ ಬೇಲಿಯ ಮೇಲಿಂದ ಕೇಳುತ್ತಿದ್ದ, "ಏನು ಕೆತ್ಲಯ್ಯಾ? ಮಕ್ಕಳು ಅದರ ಮೇಲೆ ಸೀಮೆಸುಣ್ಣದಲ್ಲಿ ಕುಂಟಾಬಿಲ್ಲೆ ಬರೀತಿದಾರೆ." ಹೆಕ್ಟರ್ ದೊಡ್ಡ ನಟ ಎಂದು ಬರೆದರೆ ಸುಳ್ಳು. ಅಲ್ಲ ಎಂದು ಬರೆದರೆ ಅದು ಕಲ್ಲಿನ ಮೇಲೆ ಕೂರುತ್ತದೆ. ವಾಟಿಯ ಕಾಗದ "ಪ್ರಿಯ ಜೆಸ್ಸಿ" ಎಂಬಲ್ಲಿಗೆ ನಿಂತು ಬೇಸಿಗೆ ಕಳೆದಿತ್ತು.

ಕಿಟಕಿ ತಿಕ್ಕುವಾಗ ಹೊಳೆದದ್ದು ಇದು: ದೊರೆಯಾಗಿ ತಾನೇ ಮಲಗಿದರೆ? ಹೆಕ್ಟರನ ಕೆಂಪು ಗಡ್ಡದ ನಕಲು ಪೆಟ್ಟಿಗೆಯಲ್ಲಿತ್ತು. ಪರದೆ ಇಳಿಸಿದರೆ ರಾತ್ರಿ. ಅಕ್ಕ ಕಸಾಯಿ ಅಂಗಡಿಗೆ ಹೋಗಿದ್ದಾಳೆ. ಅವಳು ಬರುವುದರೊಳಗೆ ದೊರೆ ಸತ್ತು, ಎದ್ದು, ಕಿಟಕಿಯ ಬಲಗಡೆ ಗಾಜನ್ನೂ ತಿಕ್ಕಿ ಮುಗಿಸಬಹುದು.

ವಾಟಿ ಕೆಲಸಕ್ಕೆ ನಿಂತರೆ ಅಚ್ಚುಕಟ್ಟು. ಧ್ವನಿ ಹಿಡಿಯುವ ಕ್ಯಾಮೆರಾ. ಹಳೆಯ ಕೋಟೆಯಲ್ಲಿ ಟಿಕ್ ಟಿಕ್ ಕೇಳಬಾರದಲ್ಲ, ಗೋಡೆ ಗಡಿಯಾರ ನಿಲ್ಲಿಸಿದ. ಕನ್ನಡಿಯಲ್ಲಿ ಕ್ಯಾಮೆರಾ ಕಾಣಬಾರದಲ್ಲ, ಅದರ ಮೇಲೆ ಅಕ್ಕನ ಕಪ್ಪು ಶಾಲು ಹೊದಿಸಿದ. ಕ್ಯಾಮೆರಾದ ಗುರುಗುರು ಕೇಳದಂತೆ ಅದಕ್ಕೆ ರಜಾಯಿ ಸುತ್ತಿ, ಕಣ್ಣು ಮಾತ್ರ ಹೊರಗೆ ಬಿಟ್ಟು ಕಪಾಟಿನ ಮೇಲಿಟ್ಟ. ಎರಡು ಕುರ್ಚಿಗಳ ಮೇಲೆ ಇಸ್ತ್ರಿ ಹಲಗೆ ಹಾಕಿ ಬಿಳಿ ಹಾಸು ಹಾಸಿದ. ಮುಖಕ್ಕೆ ಮೈದಾ ಬಳಿದು, ಗಡ್ಡ ಅಂಟಿಸಿದ. ಬೆಳಕು ಗಡ್ಡದ ಕೆಳಗಿನಿಂದ ಬರಲೆಂದು ತಟ್ಟೆಗೆ ಉಪ್ಪು ಸುರಿದು, ಅದರಲ್ಲಿ ಮೇಣದಬತ್ತಿ ನೆಟ್ಟು, ಮಲಗಿ, ತಟ್ಟೆಯನ್ನು ಎದೆಯ ಮೇಲಿಟ್ಟುಕೊಂಡ. ಕ್ಯಾಮೆರಾದಲ್ಲಿ ಉಳಿದಿದ್ದದ್ದು ಕೆಲವೇ ನಿಮಿಷದ ಫಿಲ್ಮು. ಗುಂಡಿ ಒತ್ತಿ ಬಂದು ಮಲಗಿದ್ದಾಗಿತ್ತು. ಇನ್ನು ಅಲುಗುವಂತಿಲ್ಲ.

ಪರದೆ, ಗಡಿಯಾರ, ಕನ್ನಡಿ, ಎದೆಯ ಮೇಲೆ ಉಪ್ಪಿನ ತಟ್ಟೆ. ಸತ್ತವರ ಮನೆಯಲ್ಲಿ ಮುದುಕಿಯರು ಮಾಡುವ ಶಾಸ್ತ್ರಗಳಲ್ಲಿ ಒಂದನ್ನೂ ಅವನು ಬಿಟ್ಟಿರಲಿಲ್ಲ. ತಿಳಿದು ಮಾಡಿದ್ದರೆ ಒಂದಾದರೂ ತಪ್ಪುತ್ತಿತ್ತು.

ಇತ್ತ ಬೆಥಿಯಾ ಟ್ವೀಡಿ ಮೊದಲು ತನ್ನ ಪರದೆ ಇಳಿಸಿದಳು, ಅದು ಮರ್ಯಾದೆ. ಅದನ್ನು ನೋಡಿ ಪಕ್ಕದವರು ಇಳಿಸಿದರು. ಹೀಗೆ ಬೀದಿಯ ಎರಡು ಬದಿಯೂ ಕಣ್ಣು ಮುಚ್ಚಿಕೊಂಡಿತು. ಆಮೇಲೆ ಅವಳು ಪಾದ್ರಿಗೆ ಫೋನ್ ಮಾಡಿದಳು. ಕಸಾಯಿಗೂ ಮಾಡಿದಳು, ಯಾಕೆಂದರೆ ಸಾವಿನ ಊಟಕ್ಕೆ ಬೇಕೇ ಬೇಕಾದ ಸ್ಟೇಕ್ ಪೈ ಎಂಬ ಮಾಂಸದ ಕಡುಬಿಗೆ ಮುಂಚೆ ಹೇಳದಿದ್ದರೆ ದೊಡ್ಡ ತಟ್ಟೆ ಸಿಗುವುದಿಲ್ಲ.

ಕಸಾಯಿ ಅಂಗಡಿಯಲ್ಲಿ ಸಾಲಿನಲ್ಲಿ ನಿಂತಿದ್ದ ಗ್ರಿಜೆಲ್, "ಅರ್ಧ ಪೌಂಡ್ ಕೊಚ್ಚಿದ ಮಾಂಸ" ಎಂದಳು. ಕಸಾಯಿ ತನ್ನ ಟೋಪಿ ತೆಗೆದ.

"ಇವತ್ತು ಅದು ಬೇಡಮ್ಮ ಗ್ರಿಜೆಲ್. ಪೈ ಕಟ್ಟಿಟ್ಟಿದೀನಿ. ಇಪ್ಪತ್ತು ಜನಕ್ಕಾಗುತ್ತೆ."

ಇಪ್ಪತ್ತು ಜನರ ಪೈ ಎಂದರೇನೆಂದು ಗ್ರಿಜೆಲ್‌ಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. "ಯಾರು ಹೋದರು?" ಎಂದಳು.

ಸಾಲಿನಲ್ಲಿದ್ದವರೆಲ್ಲ ನೆಲ ನೋಡಿದರು.

"ನಿಮ್ಮ ವಾಟಿ ಕಣಮ್ಮ. ಕಿಟಕಿ ತೊಳೀತಾ ತೊಳೀತಾನೇ."

"ಸುಳ್ಳು!" ಎಂದಳು ಗ್ರಿಜೆಲ್. "ನಮ್ಮ ವಾಟಿ ಕಿಟಕಿ ತೊಳೆಯೋದಾ?" ಆದರೂ ಪೈಯನ್ನು ಎದೆಗವಚಿಕೊಂಡು ಮನೆಯ ಕಡೆ ಓಡಿದಳು.

ಲೂಮ್ ಬೀದಿಯಲ್ಲಿ ಬಾಗಿಲಿಗೆ ಬೀಗ ಹಾಕುವ ಪದ್ಧತಿ ಇಲ್ಲ. ಬೆಥಿಯಾ, ಪಾದ್ರಿ ಗಿಲ್ಲೆಸ್ಪಿ, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡ ಡಾಡ್, ಮೂವರೂ ತುದಿಗಾಲಿನಲ್ಲಿ ಒಳಗೆ ಬಂದರು. ಬಂದವರು ಅಲ್ಲೇ ಕಲ್ಲಾದರು.

"ದೇವರೇ," ಎಂದ ಪಾದ್ರಿ. "ಆಗಲೇ ಎಲ್ಲಾ ಸಿದ್ಧವಾಗಿದೆ."

"ಯಾರು ಮಾಡಿದ್ರು ಇದನ್ನೆಲ್ಲ?" ಎಂದಳು ಬೆಥಿಯಾ. "ಗಡಿಯಾರ ನಿಲ್ಸಿದೆ. ಕನ್ನಡಿ ಮುಚ್ಚಿದೆ. ಗ್ರಿಜೆಲ್ ಅಂಗಡೀಲಿದಾಳೆ. ಪಾಪ, ಇವನೇ ಎಲ್ಲಾ ಮಾಡ್ಕೊಂಡು ಮಲಗಿದಾನೆ. ಯಾರಿಗೂ ತೊಂದರೆ ಕೊಡಬಾರ್ದು ಅಂತ!"

ವಾಟಿ ಎದ್ದು ಕೂರಬೇಕು ಅಂದುಕೊಂಡ. ಆದರೆ ಕಪಾಟಿನ ಮೇಲೆ ಫಿಲ್ಮು ಓಡುತ್ತಿತ್ತು. ಈಗ ಎದ್ದರೆ ದೊರೆಯೂ ಹೋದ, ಶನಿವಾರವೂ ಹೋಯಿತು. ಹೆಕ್ಟರನನ್ನು ಅಷ್ಟು ವರ್ಷ ಬೈದವನು ತಾನೇ ಹೆಣವಾಗಿ ಎದ್ದು ಕೂರುವುದೇ? ಒಂದೇ ಒಂದು ನಿಮಿಷ, ಆಮೇಲೆ ಕ್ಷಮೆ ಕೇಳಿದರಾಯಿತು ಎಂದು ಉಸಿರು ಹಿಡಿದ.

"ಡಾಡ್, ಅವನ ಮುಖ ನೋಡು," ಎಂದಳು ಬೆಥಿಯಾ. "ಬೆಳಿಗ್ಗೆ ನುಣ್ಣಗೆ ಕ್ಷೌರ ಮಾಡ್ಕೊಂಡಿದ್ದ. ನಾನೇ ನೋಡಿದೀನಿ!"

ಪಾದ್ರಿ ಬಗ್ಗಿ ನೋಡಿದ. "ಸತ್ತ ಮೇಲೂ ಕೂದಲು ಬೆಳೆಯುತ್ತೆ ಅಂತ ಓದಿದೀನಿ," ಎಂದು ಗಂಭೀರವಾಗಿ ಹೇಳಿದ. "ಆದರೆ ಇಷ್ಟು ಬೇಗ..."

"ಅದೂ ಕೆಂಪಗೆ," ಎಂದ ಡಾಡ್. ಟೇಪು ಬಿಚ್ಚಿ ತಲೆಯಿಂದ ಹಿಮ್ಮಡಿಯವರೆಗೆ ಎಳೆದ. "ಇನ್ನೂ ಬೆಚ್ಚಗಿದಾನೆ ಕಣಯ್ಯಾ."

"ಈಗ ತಾನೇ ಹೋದ್ನಲ್ಲೋ! ಅದು ಹೆಕ್ಟರನ ಗಡ್ಡ, ಕಾಣಲ್ವಾ ನಿನಗೆ? ಸ್ನೇಹಿತನ ಗಡ್ಡ ಹಾಕ್ಕೊಂಡು ಪ್ರಾಣ ಬಿಟ್ಟಿದಾನೆ." ಬೆಥಿಯಾ ಮೂಗು ಸೀಟಿದಳು. "ನೋಡಿ, ಎಲ್ಲೋ ಬೆಕ್ಕು ಕೂಡ ಗುರುಗುಟ್ತಾ ಅಳ್ತಾ ಇದೆ."

ಪರ್ಡಿಯ ಮನೆಯಲ್ಲಿ ಬೆಕ್ಕು ಇರಲಿಲ್ಲ.

ಪಾದ್ರಿ ಜೇಬಿನಿಂದ ಸಣ್ಣ ಪುಸ್ತಕ ತೆಗೆದ. "ಪ್ರಾರ್ಥನೆಯಲ್ಲಿ ಹೇಳೋದಕ್ಕೆ ವಾಟಿಯ ಬಗ್ಗೆ ಎರಡು ಒಳ್ಳೇ ಮಾತು ಹೇಳಿ."

ಮೇಣದಬತ್ತಿಯಿಂದ ಒಂದು ಹನಿ ಉಪ್ಪಿನ ಮೇಲೆ ಬಿತ್ತು. ಇನ್ನೊಂದು ಬಿತ್ತು. ವಾಟಿ ಮುಚ್ಚಿದ ರೆಪ್ಪೆಯ ಕೆಳಗೆ ಕಾದ.

"ಬಸ್ಸು ಓಡಿಸ್ತಿದ್ದ," ಎಂದಳು ಬೆಥಿಯಾ ಕೊನೆಗೆ.

"ಕೈ ತೋರಿಸಿದ್ರೂ ನಿಲ್ಲಿಸ್ತಿರಲಿಲ್ಲ," ಎಂದ ಡಾಡ್.

"ಸಮಯಪಾಲನೆ," ಎಂದು ಪಾದ್ರಿ ಬರೆದುಕೊಂಡ.

ವಾಟಿಗೆ ಆದ ಆಘಾತ ಸಣ್ಣದಲ್ಲ. ಅಷ್ಟು ವರ್ಷ ಈ ಊರಿಗೆ ಅವನು ಚರಿತ್ರೆ ಮಾಡಿಕೊಟ್ಟಿದ್ದ! ಈ ಡಾಡ್‌ನನ್ನು ಇಂಗ್ಲೆಂಡಿನ ದಂಡನಾಯಕನನ್ನಾಗಿ ಮಾಡಿದ್ದ! ಅಷ್ಟರಲ್ಲಿ ಕಪಾಟಿನ ಮೇಲಿನ ಗುರುಗುರು ನಿಂತಿತು.

"ಬೆಕ್ಕೂ ಸುಮ್ಮನಾಯ್ತು," ಎಂದಳು ಬೆಥಿಯಾ.

ಫಿಲ್ಮು ಮುಗಿದಿತ್ತು. ಏಳಬೇಕಾದ ಹೊತ್ತು ಇದೇ. ಆದರೆ ಈಗ ಎದ್ದರೆ ಬಸ್ಸಿನ ಮಾತಿಗೆ ಎದ್ದಂತಾಗುತ್ತದೆ. ಇನ್ನೊಂದು ಒಳ್ಳೆಯ ಮಾತು ಬರಲಿ, ಅದಕ್ಕೆ ಏಳೋಣ ಎಂದು ವಾಟಿ ಮಲಗಿದ್ದ. ಬಂದದ್ದು ಹೆಕ್ಟರನ ಮಾತು.

"ಹೆಕ್ಟರ್ ಇದ್ದಿದ್ರೆ ಎಷ್ಟು ಅಳ್ತಿದ್ದ," ಎಂದಳು ಬೆಥಿಯಾ. "ಬೋಗ್‌ಮೂರ್ ಕದನದ ಸಿನಿಮಾದಲ್ಲಿ ನಾನು ಇಂಗ್ಲಿಷ್ ಬಿಲ್ಲುಗಾರ. ಮಳೆ ಹುಯ್ತಿದೆ. ಬಿದ್ದೆ ನೋಡಿ, ಮಂಡಿ ಹಿಡ್ಕೊಳ್ತು, ಏಳಕ್ಕಾಗಲ್ಲ. ಎಲ್ಲಾ ನನ್ನ ಮೇಲೆ ಹಾರ್ಕೊಂಡು ಓಡ್ತಿದಾರೆ. ಪಕ್ಕದಲ್ಲಿ ಹೆಕ್ಟರ್ ಸತ್ತು ಬಿದ್ದಿದ್ದ. ಒಂದು ಕಣ್ಣು ಬಿಟ್ಟ. ಮೆಲ್ಲಗೆ ತೆವಳ್ಕೊಂಡು ಬಂದು ತನ್ನ ಗುರಾಣೀನ ನನ್ನ ತಲೆ ಮೇಲೆ ಹಿಡಿದ. ಕಂಬಳಿ ಒಳಗಿಂದ ಬೆಣ್ಣೆ ಹಚ್ಚಿದ ಓಟ್ಸ್ ರೊಟ್ಟಿ ತೆಗೆದು, 'ತಿನ್ನಿ ಬೆಥಿಯಾ, ಯುದ್ಧ ಇನ್ನೂ ತುಂಬಾ ಹೊತ್ತಿದೆ' ಅಂದ. ಆಗ ಇವನು," ಎಂದು ಇಸ್ತ್ರಿ ಹಲಗೆಯ ಕಡೆ ಗದ್ದ ತೋರಿಸಿದಳು, "ಇವನು ಅಲ್ಲಿಂದ 'ಬಿದ್ದಿರೋ ಪ್ರಾಣಿ' ಅಂತ ಕಿರುಚ್ತಾನೆ!"

"ನನಗೂ ಹಾಗೇ," ಎಂದ ಡಾಡ್. "ಹೊಳೆ ದೃಶ್ಯದಲ್ಲಿ ಅವನು ಹೆಣವಾಗಿ ತೇಲ್ಕೊಂಡು ಹೋಗ್ಬೇಕು, ನಾನು ದಂಡೇಲಿ ನಿಂತು ನಗ್ಬೇಕು. ನಗಕ್ಕೆ ಹೋಗಿ ಕಾಲು ಜಾರ್ತು. ಗ್ರಿಜೆಲ್ ಹೆಣೆದ ಕವಚ ನೀರು ಕುಡಿದು ಕಲ್ಲಾಗಿದೆ, ನಾನು ಒಳಗೆ ಹೋಗ್ತಾ ಇದೀನಿ. ಅಷ್ಟೊತ್ತಿಗೆ ಹೆಣ ಹಿಂದಕ್ಕೆ ತಿರುಗ್ತು ಕಣ್ರೀ! ಪ್ರವಾಹಕ್ಕೆ ಎದುರಾಗಿ ಈಜ್ಕೊಂಡು ಬಂತು, ನನ್ನ ಕುತ್ತಿಗೆಪಟ್ಟಿ ಹಿಡಿದು ದಡಕ್ಕೆ ಎಸೀತು, ವಾಪಸ್ ಹೋಗಿ ಮತ್ತೆ ಅಂಗಾತ ತೇಲ್ತು."

ವಾಟಿಗೆ ಆ ದಿನ ಚೆನ್ನಾಗಿ ನೆನಪಿತ್ತು. ಕಿಂಡಿಯಲ್ಲಿ ಅವನಿಗೆ ಕಂಡದ್ದು ಹೊಳೆ, ಮತ್ತು ಹೊಳೆಯ ಮೇಲಕ್ಕೆ ಹೋಗುತ್ತಿರುವ ಒಂದು ಹೆಣ. "ಯಾವ ಹೆಣವಾದರೂ ಮೇಲಕ್ಕೆ ಹೋಗುತ್ತದೇನೋ, ಮುಠ್ಠಾಳ!" ಎಂದು ಕೂಗಿ ಒಂದು ವಾರ ಮಾತು ಬಿಟ್ಟಿದ್ದ. ಡಾಡ್ ನೀರಿಗೆ ಬಿದ್ದದ್ದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಲು ಅವನು ಬಿಟ್ಟಿರಲಿಲ್ಲ.

"ನಾನು ಬಿಷಪ್ ಆಗಿದ್ದೆ," ಎಂದ ಪಾದ್ರಿ ಮೆಲ್ಲಗೆ. "ಮೇಜಿನ ಮೇಲೆ ಹರಿವಾಣದಲ್ಲಿ ಹೆಕ್ಟರನ ಕಡಿದ ತಲೆ. ನಾನು ಅದನ್ನ ನೋಡ್ತಾ ಶಾಪ ಹಾಕ್ಬೇಕು. ಒಂದಕ್ಷರ ನೆನಪಿಗೆ ಬರಲಿಲ್ಲ. ಇಪ್ಪತ್ತು ವರ್ಷದಿಂದ ಉಪದೇಶ ಮಾಡ್ತಿರೋ ಬಾಯಿ, ಬತ್ತಿ ಹೋಯ್ತು. ಆಗ ಕಡಿದ ತಲೆ ತುಟಿ ಅಲುಗಿಸದೆ, ಪೂರ್ತಿ ಶಾಪಾನ ನನಗೆ ಹೇಳಿಕೊಡ್ತು."

ಮೂವರೂ ನಕ್ಕರು. ನಕ್ಕು, ಮೂವರೂ ಕಣ್ಣೊರೆಸಿಕೊಂಡರು. ವಾಟಿಯ ಮೈದಾ ಹಚ್ಚಿದ ಕೆನ್ನೆಯ ಮೇಲೆ ಒಂದು ಗೆರೆ ಇಳಿಯಿತು. ಪುಣ್ಯಕ್ಕೆ ಯಾರೂ ನೋಡಲಿಲ್ಲ, ಯಾಕೆಂದರೆ ಆಗಲೇ ಬಾಗಿಲು ಧಡಾರೆಂದು ತೆರೆದು ಗ್ರಿಜೆಲ್ ಪೈ ಸಮೇತ ಒಳಗೆ ನುಗ್ಗಿದಳು.

"ಅಯ್ಯೋ ವಾಟೀ! ಅಯ್ಯೋ ನನ್ನಪ್ಪಾ!" ಎಂದವಳ ಕಣ್ಣು ಬಕೆಟ್ಟಿನ ಮೇಲೆ ಬಿತ್ತು. ಪರದೆಯ ಅಂಚು ಎತ್ತಿ ಗಾಜು ನೋಡಿದಳು. "ಅರ್ಧಕ್ಕೇ ಬಿಟ್ಟಿದೀಯಲ್ಲೋ! ಸಾಯೋದೇ ಆಗಿದ್ರೆ ಇನ್ನೊಂದು ಗಾಜು ಮುಗಿಸಿ ಸಾಯಬಾರ್ದಿತ್ತಾ! ಜನ ಬರ್ತಾರೆ, ನೋಡ್ತಾರೆ, ನಾನು ಏನಂತ ಹೇಳ್ಲಿ?"

"ಅಳಬೇಡ್ವೇ, ಕೂತ್ಕೋ," ಎಂದು ಬೆಥಿಯಾ ಅವಳ ಭುಜ ಹಿಡಿದಳು. "ಗಾಜು ನಾನು ತಿಕ್ತೀನಿ. ಅದಿರಲಿ, ಆ ಜೆಸ್ಸಿಗೆ ಇನ್ನು ಯಾರು ಬರೀತಾರೆ? ಇವನಂತೂ ಬರೀಲಿಲ್ಲ. ಪಾಪ ಆ ಹೆಂಗಸು ಕಿಟಕೀಲಿ ದೋಣಿ ನೋಡ್ತಾ ಕೂತಿರ್ತಾಳೆ. ನಾನೇ ಬರೀತೀನಿ."

"ಏನಂತ?" ಎಂದ ಡಾಡ್. ಕಿವಿಯಿಂದ ಪೆನ್ಸಿಲ್ ತೆಗೆದ.

"ಸ್ಕಾಟ್ಲೆಂಡಿನ ಮಹಾನಟ, ಅಭಿನಯದಲ್ಲಿ ಒಂದೂ ಕೊರತೆ ಇರಲಿಲ್ಲ, ಅವನ ಹಾಗೆ ಸತ್ತವರು ಹಿಂದೆ ಇಲ್ಲ, ಮುಂದೆ ಇಲ್ಲ, ಅಂತ."

"ಚೆನ್ನಾಗಿದೆ. ನಾಳೆ ಬೆಳಿಗ್ಗೆನೇ ಕೆತ್ತಿಬಿಡ್ತೀನಿ."

"ನಾನು ಸತ್ತರೂ ಅದಕ್ಕೆ ಒಪ್ಪಲ್ಲ!" ಎಂದು ಹೆಣ ಎದ್ದು ಕೂತಿತು.

ಆಮೇಲೆ ಏನಾಯಿತೆಂಬುದರ ಬಗ್ಗೆ ಕಿಲ್‌ಡ್ರೆನ್ನಿಯಲ್ಲಿ ಹಲವು ಮಾತುಗಳಿವೆ. ಇಷ್ಟಂತೂ ನಿಜ: ಉಪ್ಪಿನ ತಟ್ಟೆ ಹಾರಿ ಗಡಿಯಾರಕ್ಕೆ ಬಡಿದು ಗಡಿಯಾರ ನಡೆಯಲು ಶುರುಮಾಡಿತು. ಪುನರುತ್ಥಾನದ ಬಗ್ಗೆ ಅಷ್ಟು ಈಸ್ಟರ್‌ಗಳಲ್ಲಿ ಉಪದೇಶ ಮಾಡಿದ್ದ ಪಾದ್ರಿ ಗಿಲ್ಲೆಸ್ಪಿ ಸ್ಟೂಲ್ ಹತ್ತಿ ನಿಂತ. ಬೆಥಿಯಾ ಹಿಂದಕ್ಕೆ ಕುಸಿದು ವಿನೆಗರ್ ಬಕೆಟ್ಟಿನಲ್ಲಿ ಕೂತಳು. ಡಾಡ್‌ಗೆ ಮಾತ್ರ ಬೇರೆಯೇ ಆಘಾತ. "ಅಳತೆ ತಪ್ಪಾಯ್ತಲ್ಲಾ," ಎನ್ನುತ್ತಾ ಟೇಪು ಹಿಡಿದೇ ನಿಂತಿದ್ದ, "ಮಲಗಿದ್ದಾಗ ಇನ್ನೂ ಉದ್ದ ಇದ್ದ."

ಗ್ರಿಜೆಲ್ ಕಿರುಚಲಿಲ್ಲ. ಪೈಯನ್ನು ಜೋಪಾನವಾಗಿ ಮೇಜಿನ ಮೇಲಿಟ್ಟಳು. ಹತ್ತಿರ ಬಂದು ತಮ್ಮನ ಗಡ್ಡ ಹಿಡಿದು ಒಂದೇ ಸಲ ಎಳೆದಳು. ಅರ್ಧ ಕಿತ್ತು ಬಂತು. "ಜೀವ ಇದೆ," ಎಂದು ಎಲ್ಲರಿಗೂ ತಿಳಿಸಿ, ಅವನ ಬೆನ್ನಿಗೆ ನಾಲ್ಕು ಗುದ್ದಿ, ಆಮೇಲೆ ಅಳಲು ಕೂತಳು.

"ಪರದೆ ರಾತ್ರಿಗೆ," ಎಂದು ವಾಟಿ ತೊದಲಿದ. "ಗಡಿಯಾರ ಸದ್ದಿಗೆ. ಕನ್ನಡಿ... ಕ್ಯಾಮೆರಾ ಕಾಣುತ್ತೆ ಅಂತ. ಉಪ್ಪು ಮೇಣದಬತ್ತಿ ನಿಲ್ಲಲಿ ಅಂತ!"

"ಇಡೀ ಬೀದಿ ಕತ್ತಲಾಗಿದೆ ಕಣೋ!" ಎಂದು ಬಕೆಟ್ಟಿನಿಂದ ಬೆಥಿಯಾ ಕೂಗಿದಳು. "ನನ್ನ ಪಕ್ಕದ್ಮನೆ ಹಾರ್ವೆ ಮುದುಕ ಸಾವಿಗೆ ಅಂತ ಕಪ್ಪು ಟೈ ಹುಡುಕ್ತಾ ಇದಾನೆ! ನನ್ನ ಕಣ್ಣೀರು ವಾಪಸ್ ಕೊಡು!"

ಡಾಡ್‌ಗೆ ತಟ್ಟನೆ ಏನೋ ಹೊಳೆಯಿತು. "ಕ್ಯಾಮೆರಾ ಓಡ್ತಾ ಇತ್ತಾ? ಹಾಗಾದ್ರೆ ಶನಿವಾರದ ಚಿತ್ರದಲ್ಲಿ ನಾವೂ ಇದೀವಾ?"

ಸ್ಟೂಲಿನ ಮೇಲಿದ್ದ ಪಾದ್ರಿ ಮೆಲ್ಲನೆ ಕಾಲರ್ ಸರಿಪಡಿಸಿಕೊಂಡ.

ವಾಟಿಗೆ ಇದೊಂದೂ ಕೇಳಿಸುತ್ತಿರಲಿಲ್ಲ. ಹಾಸನ್ನು ಮೈಗೆ ಸುತ್ತಿಕೊಂಡೇ, ಅರ್ಧ ಗಡ್ಡ ಜೋತಾಡುತ್ತಿದ್ದ ಹಾಗೇ, ಮೇಜಿನ ಮುಂದೆ ಕೂತು ಪೈಯನ್ನು ಪಕ್ಕಕ್ಕೆ ಸರಿಸಿ, ಬೇಸಿಗೆಯಿಡೀ "ಪ್ರಿಯ ಜೆಸ್ಸಿ" ಎಂಬಲ್ಲಿ ನಿಂತಿದ್ದ ಕಾಗದವನ್ನು ಎಳೆದುಕೊಂಡ. ಎಲ್ಲರೂ ಅವನ ಹಿಂದೆ ಬಂದು ನಿಂತರು. ಹಾಗೆ ಇಣುಕಬಾರದು ಎಂದು ಪಾದ್ರಿಯೇ ಹೇಳಿದ, ಹೇಳುತ್ತಾ ಇಣುಕಿದ.

"ನೀನು ಕೇಳಿದ್ದಕ್ಕೆ ಉತ್ತರ: ಇಲ್ಲ. ನಿನ್ನ ಅಣ್ಣ ಒಳ್ಳೆಯ ನಟನಲ್ಲ. ಹೆಣವಾಗಿ ಬಿದ್ದಿರಬೇಕಾದಾಗಲೆಲ್ಲ ಯಾರಿಗೋ ಚಳಿಯಾಯಿತು, ಯಾರಿಗೋ ಮಾತು ಮರೆಯಿತು, ಯಾರೋ ಮುಳುಗಿದರು ಎಂದು ಎದ್ದುಬಿಡುತ್ತಿದ್ದ. ನನಗೆ ಕಾಣುತ್ತಿದ್ದದ್ದು ಅವನ ಪಾದ ಮಾತ್ರ. ಅವನು ಎಲ್ಲಿಗೆ ಹೋಗುತ್ತಿದ್ದನೆಂದು ನನಗೆ ಇವತ್ತು ತಿಳಿಯಿತು. ಕಲ್ಲಿನ ಮೇಲೆ 'ನಟ' ಎಂದು ಹಾಕಿಸು, ಅವನಿಗೆ ಆ ಮಾತು ಇಷ್ಟ. ಅದರ ಕೆಳಗೆ ಇದನ್ನು ಹಾಕಿಸು: ಸುಮ್ಮನೆ ಬಿದ್ದಿರಲು ಅವನಿಗೆ ಬರುತ್ತಿರಲಿಲ್ಲ."

ಡಾಡ್ ಓದಿ, ತುಟಿಯಲ್ಲೇ ಅಕ್ಷರ ಎಣಿಸಿದ. "ಹಿಡಿಯುತ್ತೆ," ಎಂದ. ಆಮೇಲೆ ಕಿಟಕಿಯ ಬಳಿ ಹೊರಗೆ ನೋಡಲು ಹೋದ. ಪರದೆ ಇಳಿದಿತ್ತು, ಅದನ್ನೇ ನೋಡುತ್ತಾ ನಿಂತ.

ವಾಟಿ ಬಟ್ಟೆ ಬದಲಿಸಲು ನಿಲ್ಲಲಿಲ್ಲ. ನಿಂತರೆ ಮತ್ತೆ ಒಂದು ಬೇಸಿಗೆ ಕಳೆಯುತ್ತದೆಂದು ಅವನಿಗೇ ಗೊತ್ತಿತ್ತು. ಮೈದಾ ಮುಖ, ಬಿಳಿ ಹಾಸು, ಅರ್ಧ ಕೆಂಪು ಗಡ್ಡ, ಕೈಯಲ್ಲಿ ಅಂಚೆಚೀಟಿ ಹಚ್ಚಿದ ಲಕೋಟೆಗೆ ಸೇರಿಸಿದ ಕಾಗದ, ಹೀಗೆ ಬೀದಿಗೆ ಇಳಿದ. ಹಿಂದೆ ಗ್ರಿಜೆಲ್, ಪಾದ್ರಿ, ಡಾಡ್, ನೀರು ತೊಟ್ಟಿಕ್ಕಿಸುತ್ತಾ ಬೆಥಿಯಾ. ಕಪ್ಪು ಟೈ ಕಟ್ಟಿಕೊಂಡು ಹೊರಗೆ ಬಂದ ಹಾರ್ವೆ ಮುದುಕ ಎದುರಿಗೆ ಸತ್ತವನೇ ನಡೆದು ಬರುವುದನ್ನು ಕಂಡು, ಟೋಪಿ ತೆಗೆದು, ಗೋಡೆಗೆ ಒರಗಿ ದಾರಿ ಬಿಟ್ಟ. "ಈಗಿನ ಕಾಲದಲ್ಲಿ ಎಲ್ಲಾ ತಾವೇ ಮಾಡ್ಕೋಬೇಕು," ಎಂದು ಗೊಣಗಿದ.

ಮೊದಲು ಮೂಲೆಯ ಮನೆಯ ಪರದೆ ಒಂದು ಬೆರಳಷ್ಟು ಸರಿಯಿತು. ಒಳಗಿನಿಂದ ಒಂದು ಚೀತ್ಕಾರ. ಆಮೇಲೆ ಪರದೆ ಪೂರ್ತಿ ಮೇಲೆ ಹೋಯಿತು. ಅದರ ಪಕ್ಕದ್ದು ಹೋಯಿತು. ಎದುರಿನದು ಹೋಯಿತು. ವಾಟಿ ನಡೆದಂತೆ ಅವನ ಎರಡೂ ಬದಿಗೆ ಲೂಮ್ ಬೀದಿ ಸರ್ರ್, ಸರ್ರ್ ಎಂದು ಒಂದೊಂದೇ ಕಣ್ಣು ಬಿಡುತ್ತಾ ಬಂತು.

ಬೀದಿಯ ತುದಿಯಲ್ಲಿ ಕೆಂಪು ಅಂಚೆಡಬ್ಬಿ. ವಾಟಿ ಕಾಗದವನ್ನು ಅದರ ಬಾಯಿಗೆ ಇಟ್ಟ, ಆದರೆ ಬೆರಳು ಬಿಡಲಿಲ್ಲ.

"ಬಿಡಯ್ಯಾ!" ಎಂದು ಬೆಥಿಯಾ ಹಿಂದಿನಿಂದ ಕೂಗಿದಳು. "ಎಷ್ಟೊತ್ತು ಅಂತ ಹಿಡ್ಕೊಂಡಿರ್ತೀಯ! ಅಲ್ಲಿ ಪೈ ಆರ್ತಾ ಇದೆ!"

ವಾಟಿ ಬೆರಳು ಸಡಿಲಿಸಿದ. ಡಬ್ಬಿಯ ಒಳಗೆ, ತಳದಲ್ಲಿ, ಕಾಗದ ಟಪ್ಪೆಂದು ಬಿತ್ತು.